ಸತ್ತವಳ ಪಾಲಿನ ರೊಟ್ಟಿ

ಇಗರ್ಜಿಯ ಪಾದ್ರಿ ಗೋಸ್ವಿನ್ ಗುರುಗಳಿಗೆ ಮರೆವು ಅನ್ನುವಂತಿಲ್ಲ. ತಮಗೆ ಬೇಕಾದ್ದಷ್ಟೇ ನೆನಪಿರುತ್ತಿತ್ತು, ಅಷ್ಟೆ! ಮಾಸ್ ನದಿಯ ದಂಡೆಯ ಆ ಊರಿನಲ್ಲಿ, ಇಗರ್ಜಿಯ ಗೋಡೆಗೆ ಅಂಟಿದ ಕಲ್ಲುಕೋಣೆಯೊಳಗೆ, ಬದುಕಿಡೀ ಧ್ಯಾನದಲ್ಲಿರುವೆನೆಂದು ತಾನಾಗಿಯೇ ವ್ರತ ತೊಟ್ಟ ಹೈಲ್ವಿಗ್‌ಳನ್ನು ಕಳಿಸಿ ಬಾಗಿಲಿಗೆ ಗಾರೆ ಹಾಕಿಸಿದವರು ಅವರೇ. ಅಂದು ಅವಳನ್ನು ಚಟ್ಟದ ಮೇಲೆ ಮಲಗಿಸಿ, ಸತ್ತವರ ಪ್ರಾರ್ಥನೆ ಹಾಡಿ, ಮೈಮೇಲೆ ಹಿಡಿಮಣ್ಣು ಹಾಕಿದ್ದರು. ಹಾಗೆ ಒಳಹೊಕ್ಕವಳು ಲೋಕದ ಪಾಲಿಗೆ ಸತ್ತಂತೆ. ಬಲಿಪೀಠ ಕಾಣಲು ಒಂದು ಕಿಂಡಿ, ರೊಟ್ಟಿ ನೀರು ಕೊಡಲು ಬೀದಿಗೊಂದು ಕಿಟಕಿ, ಅದಕ್ಕೊಂದು ಕರಿಪರದೆ, ಇಷ್ಟೇ ಉಳಿದದ್ದು.

ಈಗ ಅವರೇ ಆ ಕಿಟಕಿಯ ಮುಂದೆ ನಿಂತು ಕೂಗಾಡುತ್ತಿದ್ದರು. ಸತ್ತವರ ಹಬ್ಬದ ಬೆಳಿಗ್ಗೆ. ಊರ ಹೆಂಗಸರೆಲ್ಲ ತೀರಿಕೊಂಡವರ ಹೆಸರಿನಲ್ಲಿ ಹಂಚುವ ರೊಟ್ಟಿ ಹಿಡಿದು ಬಂದಿದ್ದರು.

"ಜ್ಞಾನಸ್ನಾನ ಆಗದೆ ಸತ್ತ ಕೂಸು ದೇವರ ಮಡಿಲಲ್ಲಿದೆ ಅಂದೆಯಂತೆ? ಅಂಥ ಕೂಸಿಗೆ ಸ್ವರ್ಗವಿಲ್ಲ ಅಂತ ಇಗರ್ಜಿಯ ಕಟ್ಟಳೆ ಇರುವಾಗ ಎಷ್ಟು ಧೈರ್ಯ ನಿಂಗೆ!"

"ಧ್ಯಾನದಲ್ಲಿ ಕಂಡೆ, ಅಂದೆ. ಕೂಸು ಕಳಕೊಂಡ ತಾಯಿ ಇಲ್ಲೇ ಬಿದ್ದು ಗೋಳಾಡ್ತಿದ್ಲು ಗುರುಗಳೇ. ಕಂಡದ್ದನ್ನ ನುಂಗಿಕೊಂಡು ಕೂರಲಾ?"

"ಸೈತಾನನ ಮಾಯೆ ಅದು! ಗೋಡೆ ಒಡೆಸ್ತೀನಿ. ಹೊರಗೆ ಬಂದು ಮೊಣಕಾಲೂರಿ, ಸುಳ್ಳು ಹೇಳಿದೆ ಅನ್ನು."

ಆ ಒಂದು ಮಾತು ಹಿಂತೆಗೆದರೆ ಆ ತಾಯಿ ಮತ್ತೆ ಹುಚ್ಚಿಯಾಗುತ್ತಾಳೆ. ಹೈಲ್ವಿಗ್ ಪರದೆಯನ್ನು ಕಿತ್ತೆಸೆದಳು.

"ಹೆಣವನ್ನ ಎಬ್ಬಿಸಿ ತಪ್ಪೊಪ್ಪಿಸ್ತೀರಾ? ಮಣ್ಣು ಹಾಕಿದ್ದು ನೀವೇ ಅಲ್ವಾ? ನಾನು ಬದುಕಿದ್ರೆ ಅವತ್ತು ನೀವು ಹಾಡಿದ್ದು ಸುಳ್ಳು. ಸತ್ತಿದ್ರೆ ನನ್ನ ಮೇಲೆ ನಿಮ್ಮ ಅಧಿಕಾರ ನಡೆಯಲ್ಲ. ಯಾವುದು, ಹೇಳಿ!"

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುರುಗಳ ಮುಖ ಕೆಂಪಾಯಿತು.

"ಸತ್ತವಳೇ? ಸರಿ. ಸತ್ತವರಿಗೆ ರೊಟ್ಟಿ ಯಾಕೆ? ಇವತ್ತಿಂದ ಇವಳಿಗೆ ಒಂದು ತುಣುಕು ಕೊಟ್ಟೋರನ್ನೂ ಇಗರ್ಜಿಯಿಂದ ಹೊರಗೆ ಹಾಕ್ತೀನಿ!"

ಹಸಿವು ಹೈಲ್ವಿಗ್‌ಳಿಗೆ ಹೊಸದಲ್ಲ, ಆದರೆ ಇದು ಉಪವಾಸವಲ್ಲ, ಕೊಲೆ. ಆದರೂ ಗಟ್ಟಿಯಾಗಿಯೇ ಅಂದಳು: "ಕಂಡದ್ದು ಕಂಡದ್ದೇ."

ಹೊರಗಿನಿಂದ ಆಕೆಗೆ ರೊಟ್ಟಿ ನೀರು ತಂದುಕೊಡುತ್ತಿದ್ದ ಬೇಲಾ ಬಾಯಿ ಹಾಕಿದಳು. "ಅಯ್ಯೋ, ಸತ್ತವರ ಹಬ್ಬದ ದಿನ ಸತ್ತವರಿಗೆ ಎಡೆ ಬೇಡ್ವಂತೆ! ಇದ್ಯಾವ ಹೊಸ ಶಾಸ್ತ್ರ ಗುರುಗಳೇ?"

ಗುಂಪು ಸರಿದು ದಾರಿ ಬಿಟ್ಟಿತು. ಕೋಲೂರುತ್ತ ಒಬ್ಬ ಮುದುಕಿ ಬಂದು ಕಿಟಕಿಯ ಕಟ್ಟೆಯ ಮೇಲೆ ರೊಟ್ಟಿ ಇಟ್ಟಳು. ಗುರುಗಳ ತಾಯಿ ರಿಕ್ಲಿಂಡ್.

"ಅಮ್ಮಾ, ತೆಗಿ ಅದನ್ನ."

"ನಿಮ್ಮಕ್ಕನ ಪಾಲು ಕಣೋ. ನೀನು ಹುಟ್ಟೋಕೆ ಮುಂಚೆ, ಜ್ಞಾನಸ್ನಾನ ಮಾಡಿಸಿ ಹೆಸರಿಡೋಕೂ ಮುಂಚೆ ಹೋಗಿಬಿಟ್ಲು. ಎಲ್ಲಿದಾಳೋ ಅಂತ ನಾನು ಯಾರನ್ನೂ ಕೇಳಿಲ್ಲ ಇಷ್ಟು ವರ್ಷ. ತೆಗೀಬೇಕಾ? ನೀನೇ ತೆಗಿ, ನೋಡೋಣ."

ಗುರುಗಳ ಕೈ ರೊಟ್ಟಿಯವರೆಗೂ ಬಂತು, ಮುಟ್ಟಲಾರದೆ ಹಿಂದೆ ಸರಿಯಿತು.

ಹೈಲ್ವಿಗ್ ರೊಟ್ಟಿಯನ್ನು ಒಳಗೆಳೆದುಕೊಂಡು, ಅವರ ಕಣ್ಣೆದುರೇ ಮುರಿದು ತಿಂದಳು. "ದೇವರ ಮಡಿಲಲ್ಲೇ ಇದಾಳಮ್ಮ" ಅಂದಳು ಮುದುಕಿಗೆ. ಕಟ್ಟೆಯ ಮೇಲೆ ಆಗಲೇ ಮತ್ತೊಂದು ರೊಟ್ಟಿ ಬಂದು ಕೂತಿತ್ತು.