ರಿಕಾಬಿನ ಪತ್ರ

ಕನ್ನಡಕದ ಅಂಗಡಿಯವರಿಗೆ ಬೀದಿಯವರು ಇಟ್ಟಿದ್ದ ಹೆಸರು ದುರ್ಬೀನಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವರಿಗೆ ಅದು ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದರು. ಮೂವತ್ತು ವರ್ಷದಿಂದ ಜನರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಈಗ ಚೆನ್ನಾಗಿ ಕಾಣುತ್ತೋ, ಮೊದಲು ಕಾಣ್ತಿತ್ತೋ?" ಎಂದು ಕೇಳಿಕೊಂಡು ಬಂದ ಮನುಷ್ಯ. ತಪ್ಪು ಎಲ್ಲಿದ್ದರೂ ತಾನಾಗಿ ಬಂದು ಅವರ ಕಣ್ಣಿಗೆ ಬೀಳುತ್ತಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯ ಹೊಸ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದನ್ನು ಉದ್ಘಾಟನೆಯ ದಿನವೇ ಎಲ್ಲರೆದುರು ತೋರಿಸಿಕೊಟ್ಟಿದ್ದರು. ಆ ಅಂಗಡಿಯವನು ಆಮೇಲೆ ಆರು ತಿಂಗಳು ಮಾತು ಬಿಟ್ಟಿದ್ದ.

ಆ ವರ್ಷ ಟೀವಿಯಲ್ಲಿ ಪ್ರತಿ ಶನಿವಾರ ಸಂಜೆ ಪ್ರಾಚೀನ ರೋಮಿನ ಧಾರಾವಾಹಿಯೊಂದು ಶುರುವಾಯಿತು. ಏಳು ಗಂಟೆಯಾದರೆ ಬೀದಿಯೆಲ್ಲ ಬಿಕೋ ಎನ್ನುತ್ತಿತ್ತು. ದುರ್ಬೀನಪ್ಪನವರ ಹೆಂಡತಿ ಅದರಲ್ಲಿ ಬರುವ ಗುಲಾಮ ಹೆಂಗಸಿಗಾಗಿ ವಾರವಾರವೂ ಕಣ್ಣೀರು ಹಾಕುತ್ತಿದ್ದರು. ದುರ್ಬೀನಪ್ಪ ಮಾತ್ರ ತಪ್ಪು ಬರೆದುಕೊಳ್ಳಲು ಮಡಿಲಲ್ಲಿ ನೋಟುಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ರೋಮಿನ ಇತಿಹಾಸದ ದಪ್ಪ ಪುಸ್ತಕವನ್ನು ಮೂರು ಸಲ ಓದಿ ಅರೆದು ಕುಡಿದಿದ್ದರು. ಹಿರಿಯ ಸಭಾಸದನ ಮಣಿಕಟ್ಟಿನ ಮೇಲೆ ಗಡಿಯಾರ ಕಟ್ಟಿ ಬಿಳಿಚಿದ ಗುರುತು. ಸೇನಾಪತಿಯ ಅಂಗಿಯ ಅಂಚಿಗೆ ಮಿಷನ್ ಹೊಲಿಗೆ. ಗುಲಾಮ ಹೆಂಗಸಿನ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಕಲೆ.

"ಅವಳ ಮಗೂನ ಕಿತ್ಕೊಂಡು ಹೋಗ್ತಿದಾರೆ ರೀ," ಎಂದರು ಹೆಂಡತಿ ಒಂದು ಸಂಜೆ. "ನೀವು ಅವಳ ತೋಳು ನೋಡ್ತಾ ಕೂತಿದೀರಲ್ಲ."

"ಕಣ್ಣಿಗೆ ಬಿದ್ರೆ ನಾನೇನು ಮಾಡ್ಲಿ," ಎಂದರು ಇವರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ವಾಹಿನಿಯಲ್ಲಿ ನೋಡುಗರ ಪತ್ರಗಳನ್ನು ಓದುವ ಕಾರ್ಯಕ್ರಮ ಬರುತ್ತಿತ್ತು. ಸೇನಾಪತಿಯನ್ನು ದಯವಿಟ್ಟು ಸಾಯಿಸಬೇಡಿ ಎಂದು ಒಬ್ಬರು ಬೇಡಿಕೊಂಡರೆ, ರಾಣಿಯ ಕಿವಿಯೋಲೆ ಎಲ್ಲಿ ಸಿಗುತ್ತದೆಂದು ಇನ್ನೊಬ್ಬರು ಕೇಳುತ್ತಿದ್ದರು. ದುರ್ಬೀನಪ್ಪ ಬರೆದ ಮೊದಲ ಮೂರು ಪತ್ರಗಳನ್ನು ಅದರಲ್ಲಿ ಓದಲೇ ಇಲ್ಲ. ನಾಲ್ಕನೆಯದು ರಿಕಾಬಿನ ಬಗ್ಗೆ. ಸವಾರ ಕಾಲಿಡಲೆಂದು ಜೀನಿನ ಎರಡೂ ಕಡೆ ನೇತುಬಿಡುವ ಕಬ್ಬಿಣದ ಬಳೆಯೇ ರಿಕಾಬು. ರೋಮಿನವರಿಗೆ ಅದು ಗೊತ್ತೇ ಇರಲಿಲ್ಲ. ಧಾರಾವಾಹಿಯ ಸವಾರರೋ ಅದರಲ್ಲಿ ಕಾಲೂರಿ ಎದ್ದು ನಿಂತು ಈಟಿ ಬೀಸುತ್ತಿದ್ದರು.

ಆ ಪತ್ರವನ್ನು ಓದಿದರು. ನಿರೂಪಕ ಎರಡು ಕಡೆ ನಿಲ್ಲಿಸಿ ನಕ್ಕ. ಕೊನೆಗೆ, "ನಿರ್ದೇಶಕರು ಇವರಿಗೆ ಧನ್ಯವಾದ ಹೇಳಿದ್ದಾರೆ. ಇನ್ನು ಮುಂದೆ ನಮ್ಮ ಸವಾರರಿಗೆ ರಿಕಾಬು ಇರುವುದಿಲ್ಲ," ಎಂದು ಹೇಳಿದ. ಆರು ತಿಂಗಳು ಮಾತು ಬಿಟ್ಟಿದ್ದ ಜೆರಾಕ್ಸ್ ಅಂಗಡಿಯವನೇ ಓಡಿಬಂದು ಕೈ ಕುಲುಕಿದ. ಆ ವಾರ ಅಂಗಡಿಗೆ ಬಂದ ಗಿರಾಕಿಗಳಲ್ಲಿ ಪತ್ರದ ಕಥೆ ಕೇಳದೆ ಹೊರಗೆ ಹೋದವರು ಒಬ್ಬರೂ ಇಲ್ಲ.

ಪತ್ರ ಓದಿದ ಮೇಲಿನ ಮೂರನೆಯ ಶನಿವಾರ ಯುದ್ಧ ಬಂತು. ಏಳು ಕುದುರೆ ಇಳಿಜಾರಿನಲ್ಲಿ ನುಗ್ಗಿದವು. ಸವಾರರ ಕಾಲುಗಳು ಬರಿದೇ ನೇತಾಡುತ್ತಿದ್ದವು. ದುರ್ಬೀನಪ್ಪ ಕುರ್ಚಿಯ ಅಂಚಿಗೆ ಸರಿದರು.

"ಆ ಕಾಲುಗಳನ್ನ ನೋಡು. ನಾನು ಬರೀದೇ ಹೋಗಿದ್ರೆ ಹಾಗಿರ್ತಿರಲಿಲ್ಲ."

ಮುಂದಿನ ಮೂರು ವಾರ ಕುದುರೆಗಳೇ ಬರಲಿಲ್ಲ. ಸೇನಾಪತಿ ಏದುಸಿರು ಬಿಡುತ್ತ ಕಾಲ್ನಡಿಗೆಯಲ್ಲೇ ಯುದ್ಧ ಮಾಡಿದ. ದುರ್ಬೀನಪ್ಪನವರಿಗೆ ತಡೆಯಲಾಗಲಿಲ್ಲ. ಪೆನ್ನು ತೆಗೆದು, ರೋಮಿನ ಕುದುರೆಗಳೆಲ್ಲ ಮೇಯಲು ಹೋಗಿವೆಯೇ, ವಾಪಸು ಬರುವುದು ಯಾವಾಗ ಎಂದು ಬರೆದು ಹಾಕಿದರು.

ಉತ್ತರ ಅಂಚೆಯಲ್ಲಿ ಬಂತು. ಟೈಪು ಮಾಡಿದ ಎರಡು ಸಾಲಿನ ಧನ್ಯವಾದ, ಅದರ ಕೆಳಗೆ ನೀಲಿ ಶಾಯಿಯ ಕೈಬರಹ. "ಇದನ್ನು ಕಚೇರಿಯ ಪರವಾಗಿ ಬರೆಯುತ್ತಿಲ್ಲ. ನಿಮ್ಮ ರಿಕಾಬಿನ ಪತ್ರವನ್ನು ಓದಲು ಆರಿಸಿಕೊಟ್ಟವಳು ನಾನೇ. ರಿಕಾಬು ಬಿಚ್ಚಿದ ಮೇಲೆ ಎರಡನೆಯ ದಿನದ ಚಿತ್ರೀಕರಣದಲ್ಲಿ ಬಿಳಿಗಾಲಿನ ಕುದುರೆಯ ಸವಾರ ಬಿದ್ದುಬಿಟ್ಟ. ಹಿಂದಿನಿಂದ ಬಂದ ಕುದುರೆ ಅವನ ಸೊಂಟದ ಮೇಲೆ ಕಾಲಿಟ್ಟಿತು. ಅದಕ್ಕೇ ಈಗ ಕುದುರೆಗಳಿಲ್ಲ. ನಿಮ್ಮ ಹೊಸ ಪತ್ರವನ್ನು ಯಾರಿಗೂ ತೋರಿಸದೆ ಎತ್ತಿಟ್ಟಿದ್ದೇನೆ." ಕೆಳಗೆ ಸಹಿ ಇರಲಿಲ್ಲ.

ಅಂಗಡಿಯಲ್ಲಿ ಒಬ್ಬ ಮುದುಕಿಯ ಕಣ್ಣು ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ದುರ್ಬೀನಪ್ಪ ಕಾಗದ ಮಡಿಸಿ ಜೇಬಿಗಿಟ್ಟು, ಕೈಗೆ ಸಿಕ್ಕ ಗಾಜನ್ನು ಚೌಕಟ್ಟಿಗೆ ಹಾಕಿದರು. "ಎಲ್ಲಾ ಮಂಜು ಮಂಜು," ಎಂದಳು ಮುದುಕಿ. ಇನ್ನೊಂದು ಹಾಕಿದರು. "ಇದೂ ಮಂಜೇ." ಮೂರನೆಯ ಸಲವೂ ಅವರು ಮೊದಲಿನ ಗಾಜನ್ನೇ ಹಾಕಿದಾಗ ಅವಳೇ ಎದ್ದು, ನಾಳೆ ಬರುತ್ತೇನೆಂದು ಹೊರಟಳು.

ನಾಲ್ಕು ದಿನ ಆ ಕಾಗದ ಜೇಬಿನಲ್ಲೇ ಇತ್ತು. ಐದನೆಯ ದಿನ ಅಂಗಿ ಒಗೆಯಲು ತೆಗೆದ ಹೆಂಡತಿಯ ಕೈಗೆ ಸಿಕ್ಕಿತು. ಅವರು ಅದನ್ನು ಓದಿ ಗಂಡನ ಮುಂದಿಟ್ಟರು.

"ಹೋಗಿ ನೋಡ್ಕೊಂಡು ಬನ್ನಿ," ಎಂದರು. "ನಾನೇ ಬರೆದೋನು ಅಂತ ಬಾಯಿಬಿಟ್ಟು ಹೇಳಿ."

ಧಾರಾವಾಹಿಗೆ ಕುದುರೆ ಕೊಡುತ್ತಿದ್ದ ಊರಾಚೆಯ ಲಾಯದಲ್ಲಿ ವಿಚಾರಿಸಿದಾಗ ಸವಾರನ ವಿಳಾಸ ಸಿಕ್ಕಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು ತೆರೆದವಳು ಸವಾರನ ಅಕ್ಕ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನವನು, ಸೊಂಟದಿಂದ ತೊಡೆಯವರೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ.

"ನಾನು ಧಾರಾವಾಹಿ ನೋಡೋನು," ಎಂದರು ದುರ್ಬೀನಪ್ಪ. "ನೀವು ಬಿದ್ರಿ ಅಂತ ಗೊತ್ತಾಯ್ತು."

"ನನ್ನ ಮುಖ ಒಂದು ಸಲಾನೂ ತೋರಿಸಿಲ್ವಲ್ಲ ಸಾರ್. ನಾನು ಯಾರು ಅಂತ ಹೇಗೆ ಗೊತ್ತಾಯ್ತು?"

"ಮುಂದಿನ ಎರಡೂ ಕಾಲು ಬಿಳಿ ಇರೋ ಕುದುರೆ. ನೀವು ಲಗಾಮನ್ನ ಎಡಗೈಲಿ ತುಂಬ ಸಡಿಲವಾಗಿ ಹಿಡೀತೀರ. ಬೇರೆ ಯಾರೂ ಹಾಗೆ ಹಿಡಿಯಲ್ಲ."

ಸವಾರನ ಮುಖ ಅರಳಿತು. "ಅಕ್ಕಾ, ಕೇಳಿದ್ಯಾ? ನನ್ನ ಕೈ ನೋಡಿದಾರೆ." ಅವನು ತಲೆದಿಂಬಿನ ಮೇಲೆ ಒಂದು ಗೇಣು ಮೇಲಕ್ಕೆ ಸರಿದು, ಕುದುರೆಯ ಹೆಸರು, ಅದರ ಚೇಷ್ಟೆ, ಸೇನಾಪತಿಯ ಪಾತ್ರಧಾರಿಗೆ ಕುದುರೆ ಕಂಡರೆ ಆಗುವ ದಿಗಿಲು, ಎಲ್ಲವನ್ನೂ ಹೇಳಿದ. ಅಕ್ಕ ಟೀ ತಂದುಕೊಟ್ಟಳು. ಬಿದ್ದ ಕಥೆಗೂ ಬಂದ. ಅಭ್ಯಾಸಕ್ಕೆ ಸವಾರರು ಎರಡು ವಾರ ಕೇಳಿದ್ದರಂತೆ, ಚಿತ್ರೀಕರಣದವರು ನಾಲ್ಕೇ ದಿನ ಕೊಟ್ಟಿದ್ದರಂತೆ. "ಯಾರೋ ಮಹಾಶಯ ಪತ್ರ ಬರೆದಿದ್ನಂತೆ ಸಾರ್, ರೋಮಲ್ಲಿ ರಿಕಾಬು ಇರಲಿಲ್ಲ ಅಂತ."

"ಹೌದಾ," ಎಂದರು ದುರ್ಬೀನಪ್ಪ, ಮತ್ತು ಟೀ ಕುಡಿದರು.

ಮನೆಗೆ ಬಂದಾಗ ಹೆಂಡತಿ ಕೇಳಿದರು, "ಹೇಳಿದ್ರಾ?"

"ಹೂಂ."

"ಏನಂದ?"

"ಪಾಪ, ಒಳ್ಳೇ ಹುಡುಗ."

"ಹಾಗಾದ್ರೆ ಈ ಭಾನುವಾರ ನಾನೂ ಬರ್ತೀನಿ. ಇಬ್ರೂ ಹೋಗಿ ನೋಡ್ಕೊಂಡು ಬರೋಣ."

ಶುಕ್ರವಾರ ಕಳೆಯಿತು. ಶನಿವಾರ ಮಧ್ಯಾಹ್ನ ಅಂಗಡಿಗೆ ಬಾಗಿಲೆಳೆದು ಒಬ್ಬರೇ ಹೊರಟರು. ದಾರಿಯುದ್ದಕ್ಕೂ ಒಂದು ವಿಷಯ ಅವರನ್ನು ಕುಟುಕುತ್ತಿತ್ತು. ಹೋಗುತ್ತಿರುವುದು ತಪ್ಪೊಪ್ಪಿಕೊಳ್ಳುವ ಆಸೆಯಿಂದಲ್ಲ, ಹೆಂಡತಿಯೆದುರು ಸಿಕ್ಕಿಬೀಳುವ ಹೆದರಿಕೆಯಿಂದ. ಅಷ್ಟು ಗೊತ್ತಾಗುವಷ್ಟು ಅವರ ಕಣ್ಣು ಈಗಲೂ ಚುರುಕಾಗಿತ್ತು.

ಕೂರುವ ಮೊದಲೇ ಹೇಳಿಬಿಟ್ಟರು. "ಆ ಪತ್ರ ಬರೆದೋನು ನಾನು."

ಸವಾರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹೊಲಿಗೆ ಮಿಷನ್ ನಿಂತಿತು.

"ಅವತ್ತು ಯಾಕೆ ಹೇಳ್ಲಿಲ್ಲ ಸಾರ್?"

"ಬಾಯಿ ಬರ್ಲಿಲ್ಲ."

"ಟೀ ಕುಡಿಯೋಕೆ ಬಂತು," ಎಂದಳು ಅಕ್ಕ, ಬಟ್ಟೆಯಿಂದ ತಲೆಯೆತ್ತದೆ.

ದುರ್ಬೀನಪ್ಪ ನೋಟುಪುಸ್ತಕದ ಚೀಲ ಹಿಡಿದುಕೊಂಡು ಹಾಗೇ ನಿಂತಿದ್ದರು. ಸವಾರ ಚೀಲದ ಕಡೆ ನೋಡಿದ.

"ಆ ಪತ್ರ ನಾನು ಕೇಳೇ ಇಲ್ಲ. ಆ ಭಾನುವಾರ ನಮಗೆ ಕೆಲಸ ಇತ್ತು. ನಿಮ್ಮ ಹತ್ರ ಇದೆಯಾ?"

"ಮೊದಲು ಬರೆದಿದ್ದು ಇದೆ."

"ಓದಿ."

ಅವರು ಪುಟ ತೆಗೆದು ಓದಿದರು. "ಮಾನ್ಯರೇ, ನಿಮ್ಮ ರೋಮಿನ ಸವಾರರು ರಿಕಾಬಿನಲ್ಲಿ ಕಾಲಿಟ್ಟು, ಆರಾಮಕುರ್ಚಿಯಲ್ಲಿ ಕೂತ ಮಾವನವರಂತೆ ಯುದ್ಧಕ್ಕೆ ಹೊರಟಿದ್ದಾರೆ. ಅವರ ಕಾಲಿನ ಬಳೆ ಕಳಚಿ ಇತಿಹಾಸದ ಮಾನ ಉಳಿಸಿ. ಅದಿಲ್ಲದೆ ಕೂರಲಾರದವರನ್ನು ಕತ್ತೆಯ ಮೇಲೆ ಕೂರಿಸಿ, ರೋಮಿನ ಸೈನ್ಯಕ್ಕೆ ಅಂಥವರು ಬೇಡ."

ಮಾವನವರ ಮಾತಿಗೆ ಸವಾರನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಕತ್ತೆಯ ಮಾತಿಗೆ ಬರಲಿಲ್ಲ. ಬರೆಯುವಾಗ ಮೂರು ಸಲ ತಿದ್ದಿ, ಹೆಂಡತಿಗೆ ಎರಡು ಸಲ ಓದಿ ಹೇಳಿ ಖುಷಿಪಟ್ಟ ಮಾತುಗಳು ಈ ಕೋಣೆಯಲ್ಲಿ ಬೇರೆ ಯಾರದೋ ಬಾಯಿಂದ ಬಂದಂತೆ ಅವರಿಗೆ ಕೇಳಿಸಿದವು.

ಸವಾರ ಕೇಳಿದ. "ಹಾಗಾದ್ರೆ ಆ ಕಾಲದವರು ಬೀಳದೆ ಹೇಗೆ ಕೂರ್ತಿದ್ರು ಸಾರ್? ನಾನು ಇಲ್ಲಿ ಮಲಗಿ ಅದನ್ನೇ ಯೋಚನೆ ಮಾಡ್ತಿರ್ತೀನಿ."

ಅಭ್ಯಾಸ ಇತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಅವರ ಜೀನಿಗೆ ನಾಲ್ಕು ಕೊಂಬು ಇರ್ತಿತ್ತು," ಎಂದರು. "ಮುಂದೆ ಎರಡು, ಹಿಂದೆ ಎರಡು. ತೊಡೇನ ಅವು ಬಿಗಿಯಾಗಿ ಹಿಡ್ಕೊಳ್ತಿದ್ವು."

"ಇದು ನಿಮಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಬರೆದ್ರಾ?"

ದುರ್ಬೀನಪ್ಪ ನೋಟುಪುಸ್ತಕವನ್ನೇ ಅವನ ಕೈಗೆ ಕೊಟ್ಟರು. ಪುಟದ ಕೆಳಗಿನ ಎರಡು ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ನಾಲ್ಕು ಕೊಂಬಿನ ಜೀನು ಮಾಡಿಸದೆ ರಿಕಾಬು ಮಾತ್ರ ತೆಗೆದರೆ ಪ್ರಯೋಜನವಿಲ್ಲ ಎಂಬ ಮಾತು ಅದರಡಿ ಈಗಲೂ ಓದಲು ಬರುತ್ತಿತ್ತು.

"ಎಂಟು ಸಾಲು ಮೀರಿದ ಪತ್ರ ಓದಲ್ಲ ಅಂತ ಟೀವಿಲಿ ಹೇಳ್ತಿದ್ರು," ಎಂದರು. "ಏನಾದ್ರೂ ತೆಗೀಬೇಕಿತ್ತು. ಕತ್ತೆ ಮಾತು ಉಳಿಸ್ಕೊಂಡೆ."

ಅಕ್ಕ ಎದ್ದು ಬಂದು ತಮ್ಮನ ಭುಜದ ಮೇಲಿಂದ ಓದಿದಳು. ಸವಾರ ತನ್ನ ತೊಡೆಯ ಎರಡೂ ಕಡೆ ಅಂಗೈ ಇಟ್ಟು, ಕೊಂಬು ಎಲ್ಲಿ ಬರುತ್ತಿತ್ತೆಂದು ಅಳತೆ ನೋಡಿದ.

"ನಮ್ಮ ಲಾಯದಲ್ಲಿ ಜೀನು ಹೊಲಿಯೋ ಮುದುಕ ಒಬ್ಬ ಇದಾನೆ," ಎಂದ ಮೆಲ್ಲಗೆ. "ಹೇಳಿದ್ರೆ ಎರಡು ದಿನದಲ್ಲಿ ಮಾಡ್ಕೊಡ್ತಿದ್ದ."

ಅವನು ಪುಸ್ತಕ ವಾಪಸು ಕೊಟ್ಟ. "ನೀವಿನ್ನು ಬರಬೇಡಿ ಸಾರ್. ನಿಮ್ಮನ್ನ ಬೈಯೋಕೂ ಆಗ್ತಿಲ್ಲ, ಮಾತಾಡ್ಸೋಕೂ ಆಗ್ತಿಲ್ಲ. ನಡೆಯೋ ಹಾಗಾದ್ಮೇಲೆ ನಾನೇ ಬರ್ತೀನಿ. ಅಂಗಡಿ ಎಲ್ಲಿ ಅಂತ ಅಕ್ಕನಿಗೆ ಹೇಳಿ ಹೋಗಿ."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಮೊದಲ ಸಲ ಸುಳ್ಳು ಹೇಳಿದ್ದನ್ನೂ, ಹೊಡೆದುಹಾಕಿದ ಸಾಲುಗಳನ್ನೂ ಬಿಡಲಿಲ್ಲ. ಹೆಂಡತಿ ಬೈಯಲಿಲ್ಲ. ಮರುದಿನ ಒಬ್ಬರೇ ಆ ಮನೆಗೆ ಹೋದರು, ಆಮೇಲೆ ಪ್ರತಿ ಭಾನುವಾರವೂ ಹೋದರು. ಸವಾರನ ಅಕ್ಕನ ಜೊತೆ ಕೂತು ಗುಂಡಿ ಹೊಲಿದುಕೊಡುತ್ತಿದ್ದರೆಂದು ಕಾಣುತ್ತದೆ. ಬಂದು ಏನನ್ನೂ ಹೇಳುತ್ತಿರಲಿಲ್ಲ, ಕೇಳುವ ಮುಖ ಇವರಿಗಿರಲಿಲ್ಲ.

ದುರ್ಬೀನಪ್ಪ ವಾಹಿನಿಗೆ ಇನ್ನೊಂದು ಪತ್ರ ಬರೆದರು. ತಾನು ಬೇಕೆಂದೇ ಬಿಟ್ಟ ಎರಡು ಸಾಲು ಇವು, ಬಿಟ್ಟ ಕಾರಣ ಇದು, ದಯವಿಟ್ಟು ಓದಿ ಎಂದು ಕೇಳಿಕೊಂಡರು. ಅದರಲ್ಲಿ ಒಂದು ತಮಾಷೆಯೂ ಇರಲಿಲ್ಲ. ಅದನ್ನು ಕಾರ್ಯಕ್ರಮದಲ್ಲಿ ಓದಲಿಲ್ಲ. ಧಾರಾವಾಹಿ ಮುಗಿಯಿತು. ಬೀದಿಯಲ್ಲಿ ಮಾತ್ರ ಅವರ ಹೆಸರು ಏರುತ್ತಲೇ ಇತ್ತು. ಜೆರಾಕ್ಸ್ ಅಂಗಡಿಯವನು ತನ್ನ ಗಿರಾಕಿಗಳಿಗೆ, "ಟೀವಿಯವರ ರಿಕಾಬು ಬಿಚ್ಚಿಸಿದೋರು ಇವರೇ," ಎಂದು ಕೈ ಮಾಡಿ ತೋರಿಸುತ್ತಿದ್ದ. ಒಂದು ದಿನ ಅವನನ್ನು ಒಳಗೆ ಕರೆದು ನಡೆದದ್ದನ್ನು ಹೇಳಿದರು. "ಅಯ್ಯೋ ಬಿಡಿ, ಅದರಲ್ಲಿ ನಿಮ್ಮದೇನು ತಪ್ಪು?" ಎಂದ ಅವನು. ಆ ಸಮಾಧಾನ ಅವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಬಿದ್ದ ಹತ್ತನೆಯ ತಿಂಗಳಿಗೆ ಸವಾರ ಬಂದ. ಬೆಳಗಿನ ಹೊತ್ತು. ಕೈಯಲ್ಲಿ ಕೋಲು, ಎರಡು ಹೆಜ್ಜೆ ಹಿಂದೆ ಅಕ್ಕ. ಮೂರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ.

"ಬರ್ತೀನಿ ಅಂದಿದ್ದೆ, ಅದಕ್ಕೆ ಬಂದೆ."

ದುರ್ಬೀನಪ್ಪ ಕುರ್ಚಿ ಎಳೆದರು. "ಕೂತರೆ ಏಳೋದು ಕಷ್ಟ ಸಾರ್," ಎಂದ ಅವನು. ನಿಂತೇ ನೀರು ಕುಡಿದ. ಗೋಡೆಯ ಕನ್ನಡಕಗಳನ್ನೆಲ್ಲ ಒಮ್ಮೆ ನೋಡಿದ.

"ಸವಾರಿ?" ಎಂದು ದುರ್ಬೀನಪ್ಪ ಕೇಳಿದರು.

"ಇಲ್ಲ. ಲಾಯದಲ್ಲಿ ಮೇವು ನೋಡ್ಕೊಳ್ತೀನಿ. ಬಿಳಿಗಾಲಿಂದು ಅಲ್ಲೇ ಇದೆ. ಹೊಸಬರಿಗೆ ಅದು ಬಗ್ಗಲ್ಲ."

ಕ್ಷಮಿಸಿ ಎನ್ನಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಸವಾರ ತಿರುಗಿದ್ದ. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಗಿತ್ತು. ಅವರು ಓಡಿಬಂದು ಕೈ ಚಾಚಿದರು.

"ಬೇಡ ಸಾರ್. ನಾನೇ ಇಳೀತೀನಿ."

ಮೊದಲು ಕೋಲು, ಆಮೇಲೆ ನೋವಿನ ಕಾಲು, ಆಮೇಲೆ ಇನ್ನೊಂದು. ಮೂರು ಮೆಟ್ಟಿಲು ಮುಗಿಯುವವರೆಗೂ ದುರ್ಬೀನಪ್ಪನವರ ಕೈ ಚಾಚಿಕೊಂಡೇ ಇತ್ತು. ಅಕ್ಕ ಅದನ್ನು ನೋಡಿ ತಮ್ಮನ ಹಿಂದೆ ಇಳಿದಳು.