ಜೋಶಿಯವರ ಮನೆಯ ಹೊಟ್ಟೆ

"ನಲವತ್ತೆರಡೂವರಿ," ಎಂದು ದರ್ಜಿ ಇಸಾಕಸಾಬ ಟೇಪನ್ನು ಕೊರಳಿಗೆ ಹಾಕಿಕೊಂಡ. ಅವನು ಅಳೆದದ್ದು ಮನುಷ್ಯನನ್ನಲ್ಲ, ಪ್ಯಾಂಟನ್ನು. ಗಂಡ ಗಂಗಾಧರ ಪೋಸ್ಟ್ ಆಫೀಸಿಗೆ ಹೋಗಿದ್ದರಿಂದ ಪದ್ಮಾಬಾಯಿಯೇ ಅದನ್ನು ಚೀಲದಲ್ಲಿ ಹಾಕಿಕೊಂಡು ಬ್ಯಾಡಗಿ ಪೇಟೆಗೆ ಬಂದಿದ್ದಳು. ಸೊಂಟ ಬಿಗಿಯಾಗಿದೆ, ಸ್ವಲ್ಪ ಬಿಡಬೇಕು. ವರ್ಷದಲ್ಲಿ ಇದು ಎರಡನೆಯ ಸಲ.

"ಇನ್ನ ಬಿಡಾಕ ಬಟ್ಟಿ ಎಲ್ಲೈತ್ರೀ ಬಾಯಾರ? ಒಳಗಿದ್ದದ್ದೆಲ್ಲಾ ದೀಪಾವಳಿಗೇ ಬಿಟ್ಟೇನಿ. ಹೊಸಾದು ಹೊಲಿಸ್ರಿ. ನಲವತ್ನಾಕು ಇಡತೇನಿ, ಎರಡು ವರ್ಸಕ್ಕ ಸರಿಯಾಗಿ ಕುಂದರತೈತಿ."

"ಎರಡು ವರ್ಷದ ಮಾತು ನಿಮಗ ಈಗ ಹೆಂಗ ಗೊತ್ತು ಸಾಬ್ರ?"

ಇಸಾಕಸಾಬ ನಕ್ಕ. "ನಿಮ್ಮ ಮನಿ ಗಂಡಸರ ಸ್ವಂಟ ನನಗ ಬಾಯಿಪಾಠ ಐತ್ರಿ," ಎಂದು ಗೋಡೆಯ ಗೂಡಿನಿಂದ ಅಳತೆ ಪುಸ್ತಕ ತೆಗೆದ.

ನಲವತ್ತು ವರ್ಷದಿಂದ ಹೊಲಿಯುತ್ತ ಬಂದ ಮನುಷ್ಯ ಅವನು. ಕಾಯಂ ಗಿರಾಕಿಗಳ ಹೆಸರಿಗೊಂದು ಹಾಳೆ. ಹೊಲಿದಾಗೊಮ್ಮೆ ಇಸವಿ ಬರೆದು ಅಳತೆ ಹಾಕುವುದು. ಸತ್ತವರ ಹಾಳೆ ಹರಿಯಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಹೀಗಾಗಿ ಪದ್ಮಾಬಾಯಿಯ ಮಾವ ಸದಾಶಿವರಾಯರು ಅಲ್ಲಿ ಇನ್ನೂ ಇದ್ದರು. ಇಸವಿ ನಲವತ್ತೊಂಬತ್ತರಲ್ಲಿ ಮೂವತ್ನಾಲ್ಕು ಇಂಚು, ಐವತ್ತೈದರಲ್ಲಿ ಮೂವತ್ತೆಂಟು, ಅರವತ್ತರಲ್ಲಿ ನಲವತ್ತೆರಡೂವರೆ, ಅರವತ್ತೆರಡರಲ್ಲಿ ನಲವತ್ನಾಲ್ಕು. ಅಲ್ಲಿಗೆ ಹಾಳೆ ಖಾಲಿ. ಮುಂದಿನ ಹಾಳೆ ಭಾವ ರಮೇಶನದು. ಇಸವಿ ಬೇರೆ, ಏರಿದ ಇಂಚುಗಳು ಅವೇ. ಅವನದೂ ನಲವತ್ನಾಲ್ಕಕ್ಕೆ ನಿಂತಿತ್ತು. ನಲವತ್ತೇಳು ವಯಸ್ಸಿಗೆ, ಆಫೀಸಿನ ಕುರ್ಚಿಯಲ್ಲಿ ಕುಳಿತಲ್ಲೇ ಹೋದವನು. ಇನ್ನೂ ಎರಡು ವರ್ಷ ತುಂಬಿಲ್ಲ.

ಪದ್ಮಾಬಾಯಿ ಬೆರಳಿಟ್ಟು ಎರಡೂ ಹಾಳೆ ಮತ್ತೊಮ್ಮೆ ಓದಿದಳು. "ನಲವತ್ನಾಕು ಬ್ಯಾಡ ಸಾಬ್ರ," ಎಂದಳು. "ಈ ಪುಸ್ತಕ ಒಂದು ದಿನದ ಮಟ್ಟಿಗೆ ಕೊಡ್ರಿ."

ಜೋಶಿಯವರ ಮನೆಯ ಹೊಟ್ಟೆಯೆಂದರೆ ಬ್ಯಾಡಗಿಯಲ್ಲಿ ಒಂದು ಮರ್ಯಾದೆ ಇತ್ತು. ಮೂವತ್ತೈದು ದಾಟುತ್ತಲೇ ಗಂಡಸರಿಗೆ ಅದು ಮೂಡುವುದು. ಮೂಡದಿದ್ದರೆ ಸೊಸೆ ಸರಿಯಾಗಿ ಉಣ್ಣಲಿಕ್ಕೆ ಹಾಕುತ್ತಿಲ್ಲ ಎಂದು ಅರ್ಥ. ಕೈಕಾಲು ಸಣ್ಣವೇ, ಮುಖವೂ ಸಾಧಾರಣ, ನಡುವೆ ಮಾತ್ರ ಕುಂಬಳಕಾಯಿ ಇಟ್ಟಂತೆ. ಸತ್ತಾಗ ಜನ ದೃಷ್ಟಿ ತಾಗಿತು ಎನ್ನುತ್ತಿದ್ದರು. ಅತ್ತೆ ಜಾನಕೀಬಾಯಿಯವರಂತೂ ಹಬ್ಬದ ಊಟವಾದ ಮೇಲೆ ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸದೆ ಎದ್ದು ಹೋಗಲು ಬಿಡುತ್ತಿರಲಿಲ್ಲ. ಮೆಣಸಿನಕಾಯಿಗೆ ಆ ಊರಲ್ಲಿ ಬರವೇನೂ ಇಲ್ಲ.

ಮರುದಿನ ರವಿವಾರ. ಗಂಗಾಧರ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಪದ್ಮಾಬಾಯಿ ತುಪ್ಪದ ಗಿಂಡಿ ಕೆಳಗಿಟ್ಟಳು.

"ಹಾವೇರಿ ಡಾಕ್ಟರ ಹತ್ರ ಒಮ್ಮೆ ಹೋಗಿ ಬರೋಣ್ರೀ. ರಕ್ತದೊತ್ತಡ, ಸಕ್ರಿ, ಎಲ್ಲಾ ನೋಡಿಸೋಣ."

"ನನಗೇನಾಗ್ಯದ? ಕಲ್ಲು ತಿಂದು ಕಲ್ಲು ಅರಗಿಸ್ಕೋತೀನಿ."

"ಉಣ್ಣೋ ಗಂಡಸಿನ ಎಲಿ ಮ್ಯಾಲೆ ಕಣ್ಣು ಹಾಕಬಾರದು ಪದ್ಮಾ," ಎಂದರು ಜಾನಕೀಬಾಯಿ, ಕಂಬಕ್ಕೆ ಒರಗಿ ಕುಳಿತಲ್ಲಿಂದ. "ಈ ಮನಿಗೆ ಹತ್ತಿರೋದು ಅದೇ ಪೀಡಾ."

ಪದ್ಮಾಬಾಯಿ ಸಿಟ್ಟಿನಿಂದ ಒಳಗೆ ಹೋಗಿ ಪುಸ್ತಕ ತಂದಳು. ನಿಂತುಕೊಂಡೇ ಮೊದಲು ಮಾವನ ಹಾಳೆ ಓದಿದಳು, ಆಮೇಲೆ ರಮೇಶನದು, ಕೊನೆಗೆ ಗಂಡನದು. ಇಸವಿ, ಇಂಚು, ಇಸವಿ, ಇಂಚು. "ಈಗ ನಿಮ್ಮದು ನಲವತ್ತೆರಡೂವರಿ. ಇನ್ನೊಂದು ಪ್ಯಾಂಟಿನಷ್ಟು ದೂರ ಅದ," ಎಂದವಳೇ, ಎಂಥ ಮಾತಾಡಿಬಿಟ್ಟೆ ಎಂದು ತಾನೇ ಹೆದರಿದಳು.

ಗಂಗಾಧರನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಮಾತಾಡಿದವರು ಜಾನಕೀಬಾಯಿ.

"ರಮೇಶಂದು ಇನ್ನೊಮ್ಮೆ ಓದು."

ಪದ್ಮಾಬಾಯಿ ಓದಿದಳು. ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದರು. ಗಂಡನನ್ನೂ ಹಿರಿಯ ಮಗನನ್ನೂ ಕೈಯಾರೆ ಬಡಿಸಿ ಬೆಳೆಸಿದವರು ಅವರು. ಎದ್ದು ಬಂದು, ಮಗನ ಎಲೆಯಿಂದ ಆ ಮೂರನೆಯ ಹೋಳಿಗೆಯನ್ನು ತೆಗೆದರು. ಎಂಜಲಾಗಿತ್ತು, ಮಡಿ ಹೆಂಗಸು ಮುಟ್ಟುವಂಥದ್ದಲ್ಲ.

"ನಾಳೆ ಹಾವೇರಿಗೆ ಹೋಗಿ ಬಾರಪ್ಪಾ," ಎಂದರು.

ಹಾವೇರಿಯ ಆ ದವಾಖಾನೆ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಕಾಂಪೌಂಡರ್ ಕುತುಬುದ್ದೀನ ಮೂತ್ರಕ್ಕೆಂದು ಸಣ್ಣ ಬಾಟಲಿ ಕೊಟ್ಟು ಹಿತ್ತಲಿನ ಕಡೆ ಕೈ ತೋರಿಸಿದ. ಪೋಸ್ಟ್ ಆಫೀಸಿನಲ್ಲಿ ಗತ್ತಿನಿಂದ ಠಸ್ಸೆ ಹೊಡೆಯುವ ಗಂಗಾಧರ ಇಲ್ಲಿ ಬಾಟಲಿ ಹಿಡಿದು ಮದುಮಗಳಂತೆ ನಾಚಿದ.

"ನಾ ಒಬ್ಬಾವನ ಯಾಕ ಕೊಡಲಿ? ನೀನೂ ಕೊಡು. ನೀ ಕೊಟ್ಟರ ನಾ ಕೊಡತೀನಿ."

"ನನ್ನ ಮೈಯಾಗ ಏನದ ಅಂತ ಕೊಡ್ಲಿ? ಗಾಳಿ ಬಂದರ ಹಾರಿ ಹೋಗೂ ಹಂಗ ಇದ್ದೀನಿ," ಎಂದಳು ಪದ್ಮಾಬಾಯಿ. ಆದರೆ ಗಂಡ ಹೊರಗೆ ಹೋಗಿ ಬಸ್ಸು ಹತ್ತಿಬಿಟ್ಟಾನೆಂಬ ಹೆದರಿಕೆಗೆ ತಾನೂ ಒಂದು ಬಾಟಲಿ ಕೇಳಿದಳು. ಹಟ ಮಾಡುವ ಕೂಸಿಗೆ ಔಷಧ ಕುಡಿಸುವಾಗ ತಾಯಿ ತಾನೂ ಒಂದು ಹನಿ ನೆಕ್ಕುವುದಿಲ್ಲವೆ.

ಕುತುಬುದ್ದೀನ ಎರಡು ಗಾಜಿನ ನಳಿಗೆಗಳಲ್ಲಿ ನೀಲಿ ನೀರು ಹಾಕಿ, ಬಾಟಲಿಯಿಂದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದ. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಬಹಳ ಎಂದು ಅವನೇ ಹೇಳಿದ. ಗಂಡನ ನಳಿಗೆ ಕುದ್ದು ಹಸಿರಾಯಿತು. ಪದ್ಮಾಬಾಯಿ ಸೆರಗಿನಿಂದ ಬೆವರು ಒರೆಸಿಕೊಂಡಳು. ಎರಡನೆಯದು ಹಸಿರು ದಾಟಿತು, ಹಳದಿಯಾಯಿತು, ನೋಡುನೋಡುತ್ತ ಕೆಂಪಗೆ ಗಟ್ಟಿಯಾಗಿ ತಳಕ್ಕೆ ಇಳಿಯಿತು.

"ಬಾಟ್ಲಿ ಅದಲು ಬದಲಾಗ್ಯಾವ," ಎಂದಳು ಪದ್ಮಾಬಾಯಿ.

"ಇಲ್ರೀ ಅಕ್ಕಾರ. ನಿಮ್ಮ ಹೆಸರಿನ ಚೀಟಿ ನಾನ ಹಚ್ಚೇನಿ."

ಆದರೂ ಅವನು ಮತ್ತೊಮ್ಮೆ ಕಾಯಿಸಿ ತೋರಿಸಿದ. ಮತ್ತೆ ಇಟ್ಟಂಗಿ ಕೆಂಪು.

ಡಾಕ್ಟರು ಗಂಗಾಧರನ ರಕ್ತದೊತ್ತಡ ನೋಡಿ ತಲೆ ಅಲ್ಲಾಡಿಸಿದರು, ಗುಳಿಗೆ ಬರೆದರು, ದಿನಾ ನಡೆಯಲು ಹೇಳಿದರು. ವೇಳೆಗೆ ಬಂದಿರಿ ಎಂದರು. ಆಮೇಲೆ ಪದ್ಮಾಬಾಯಿಯ ಕಡೆ ತಿರುಗಿದರು.

"ನಿಮ್ಮ ತವರಮನ್ಯಾಗ ಸಕ್ರಿ ಬ್ಯಾನಿ ಯಾರಿಗಿತ್ತಮ್ಮಾ?"

"ಯಾರಿಗೂ ಇಲ್ರಿ. ನಾವೆಲ್ಲಾ ಕಡ್ಡಿಯಂಗ ಇದ್ದವರು."

"ಕಡ್ಡಿಯಂಗ ಇದ್ದವರಿಗೂ ಬರತದ. ಇದು ರಕ್ತದೊಳಗ ಬರೂದು. ಅಪ್ಪನ ಕಡಿಂದ ಬಂದಂಗ ಅವ್ವನ ಕಡಿಂದನೂ ಬರತದ. ನಿಮ್ಮ ತಾಯಿ ಅದಾರ?"

"ಇಲ್ಲ. ನಾ ಒಂಬತ್ತು ವರ್ಷದಾಕಿ ಇದ್ದಾಗ ಹೋದಳು."

"ಏನಾಗಿತ್ತು? ವಯಸ್ಸೆಷ್ಟಿತ್ತು?"

ಪದ್ಮಾಬಾಯಿ ಬೆರಳು ಎಣಿಸಲು ಹೋಗಿ ಬಿಟ್ಟಳು. ಗಂಡನ ಮನೆಯವರು ಯಾರು ಯಾವಾಗ ಎಷ್ಟು ಇಂಚು ಇದ್ದರೆಂದು ಪಟಪಟ ಹೇಳುವವಳಿಗೆ ಹೆತ್ತವ್ವ ಎಷ್ಟನೆಯ ವಯಸ್ಸಿಗೆ ಹೋದಳೆಂಬುದು ಗೊತ್ತಿಲ್ಲ. ಚಿಂತೆಯಿಂದ ಒಣಗಿದಳು ಎಂದು ರಾಣೆಬೆನ್ನೂರಿನಲ್ಲಿ ಎಲ್ಲರೂ ಹೇಳಿದ್ದರು, ಅವಳೂ ನಂಬಿದ್ದಳು. ಅವ್ವ ನೀರೊಲೆಯ ಪಕ್ಕ ನಿಂತು ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದದ್ದು, ಮತ್ತೆ ತುಂಬಿಕೊಳ್ಳುತ್ತಿದ್ದದ್ದು, "ನೀರ ಕುಡಿದ ಹೊಟ್ಟಿ ತುಂಬಿಸ್ಕೋತೀ ಏನ?" ಎಂದು ಅಜ್ಜಿ ಬಯ್ಯುತ್ತಿದ್ದದ್ದು ಕಣ್ಣೆದುರಿಗೆ ಬಂತು. ಆ ನೀರಡಿಕೆಯನ್ನು ಒಬ್ಬರಾದರೂ ಯಾಕೆ ಎಂದು ಕೇಳಿರಲಿಲ್ಲ. ದವಾಖಾನೆಯೆಂಬ ಪರಿವೆಯಿಲ್ಲದೆ ಪದ್ಮಾಬಾಯಿ ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರು ಒಂದು ಲೋಟ ನೀರು ತರಿಸಿಕೊಟ್ಟರು. ನಂತರ, "ಅಕ್ಕತಂಗೇರು ಯಾರರ ಅದಾರೇನು?" ಎಂದು ಕೇಳಿದರು.

"ಒಬ್ಬಾಕಿ ತಂಗಿ, ಸರಸ್ವತಿ. ಹೊಸರಿತ್ತಿಗೆ ಕೊಟ್ಟೇವಿ." ಅವಳು ಕಣ್ಣೊರೆಸಿಕೊಂಡಳು. "ನನಗಿಂತಾ ತೆಳ್ಳಗದಾಳ. ಈಗೀಗ ಇನ್ನೂ ಇಳದಾಳ ಅಂತ ಪತ್ರ ಬಂದಿತ್ತು. ಮನಿಕೆಲಸಕ್ಕ ಇಳದಿರಬೇಕು ಅಂದ್ಕೊಂಡು ಸುಮ್ಮನಾದೆ."

"ಕರಕೊಂಡು ಬರ್ರಿ. ತಡಾ ಮಾಡಬ್ಯಾಡ್ರಿ."

ಹೊರಗೆ ಬಿಸಿಲು ರಣಗುಡುತ್ತಿತ್ತು. ಇಬ್ಬರೂ ಎರಡು ಔಷಧದ ಚೀಟಿ ಹಿಡಿದು ನಿಂತರು. ಮನೆಗೆ ಹೋಗುವ ಬ್ಯಾಡಗಿ ಬಸ್ಸು ಎದುರಿಗೇ ನಿಂತಿತ್ತು, ಖಾಲಿ ಸೀಟುಗಳೂ ಇದ್ದವು. ಅದರ ಆಚೆಯಿಂದ ಇನ್ನೊಂದು ಬಸ್ಸು ಹೊರಟು, ನಿಧಾನವಾಗಿ ರಸ್ತೆಗೆ ತಿರುಗತೊಡಗಿತು. ಅದರ ಬೋರ್ಡನ್ನು ಮೊದಲು ಓದಿದವನು ಗಂಗಾಧರ.

"ಹೊಸರಿತ್ತಿ ಬಸ್ಸು, ಪದ್ಮಾ!"

ಅವಳು ತಲೆ ಎತ್ತುವಷ್ಟರಲ್ಲಿ ಅವನು ಓಡತೊಡಗಿದ್ದ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನು ಓಡಿದ್ದನ್ನು ಅವಳು ನೋಡಿರಲಿಲ್ಲ. "ಓಡಬ್ಯಾಡ್ರೀ!" ಎಂದು ಕೂಗಿದಳು. ಅವನು ಕೇಳಲಿಲ್ಲ. ಅಂಗಿ ಸೊಂಟದಿಂದ ಹೊರಗೆ ಬಂತು. ಚಹಾದಂಗಡಿಯ ಜನ ನಕ್ಕರು. ಬಸ್ಸಿನ ಹಿಂಭಾಗ ಕೈಗೆ ಸಿಕ್ಕೊಡನೆ ಅಂಗೈಯಿಂದ ಧಡಧಡ ಬಡಿದ.

ಬಸ್ಸು ನಿಂತಿತು. ಒಂದು ಕೈಯನ್ನು ಅದರ ಬಾಗಿಲಿಗೆ, ಇನ್ನೊಂದನ್ನು ಎದೆಗೆ ಒತ್ತಿಕೊಂಡು, ಏದುಸಿರು ಬಿಡುತ್ತ ಗಂಗಾಧರ ಹಿಂದಿರುಗಿ ನೋಡಿದ. ಪದ್ಮಾಬಾಯಿ ನಿರಿಗೆ ಎತ್ತಿಹಿಡಿದು ರಸ್ತೆ ದಾಟುತ್ತಿದ್ದಳು.