ಟೀಚರಮ್ಮನ ಟ್ರಂಕು

ಮದುವೆಯಾದ ವಾರವೇ ಗಂಡ ಅವಳಿಗೊಂದು ಮಾತು ಕೊಟ್ಟಿದ್ದ. ಮಾತು ಕೊಟ್ಟ ಜಾಗ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಬಾಡಿಗೆಗೆ ಹಿಡಿದ ಮನೆ ಕಟ್ಟಡದ ತುತ್ತತುದಿಯಲ್ಲಿತ್ತು, ಲಿಫ್ಟ್ ಕೆಟ್ಟು ನಿಂತಿತ್ತು. ಅವಳು ಹಾಸಿಗೆಯ ಸುರುಳಿ ಅವುಚಿಕೊಂಡಿದ್ದಳು. ಅವಳ ತಗಡಿನ ಟ್ರಂಕನ್ನು ಹೆಗಲ ಮೇಲೆ ಹೊತ್ತ ಅವನು ಅರ್ಧ ಮೆಟ್ಟಿಲಿಗೇ ಏದುಸಿರು ಬಿಡುತ್ತ ಕೆಳಗಿಳಿಸಿ ಅದರ ಮೇಲೇ ಕೂತುಬಿಟ್ಟ.

"ಇದರಲ್ಲೇನು ಕಲ್ಲು ತುಂಬ್ಕೊಂಡು ಬಂದಿದ್ದೀಯಾ?"

"ಪುಸ್ತಕ. ಹನ್ನೆರಡನೇ ಕ್ಲಾಸಿಂದು."

"ಪರೀಕ್ಷೆ ಮುಗಿದು ಎಷ್ಟು ಕಾಲ ಆಯ್ತು!"

"ಮುಂದೆ ಓದ್ಸಲ್ಲ ಅಂದ್ಬಿಟ್ರು ಅಪ್ಪ. ಮಕ್ಕಳಿಗೆ ಪಾಠ ಹೇಳೋ ಟೀಚರ್ ಆಗ್ಬೇಕು ಅಂತಿದ್ದೆ. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅವನು ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು, ಏನೋ ದೊಡ್ಡ ಲೆಕ್ಕ ಹಾಕಿದವನ ಹಾಗೆ ತಲೆಯಾಡಿಸಿದ. "ಸರಿ ಹಾಗಾದ್ರೆ. ನಿನ್ನನ್ನ ಕಾಲೇಜಿಗೆ ನಾನು ಸೇರಿಸ್ತೀನಿ. ಮೊದಲ್ನೇ ದಿನ ಗೇಟಿನ ತನಕ ನಾನೇ ಬಂದು ಬಿಟ್ಟು ಬರ್ತೀನಿ. ಆಯ್ತಾ, ಟೀಚರಮ್ಮ?"

"ಮೊದಲು ಈ ಲಿಫ್ಟ್ ರಿಪೇರಿ ಮಾಡಿ. ಹೆಸರಿಗೆ ಲಿಫ್ಟ್ ಮೆಕ್ಯಾನಿಕ್ಕು."

"ಇದು ಬೇರೆ ಕಂಪನೀದು ಕಣೇ. ನಾನು ಕೈ ಹಾಕಿದ್ರೆ ಕೇಸ್ ಹಾಕ್ತಾರೆ."

ನಕ್ಕಿದ್ದು ನಕ್ಕ ಹಾಗೇ ಉಳಿಯಿತು, ಮಾತು ಮಾತಾಗೇ ಉಳಿಯಿತು. ಅತ್ತೆ ಹಾಸಿಗೆ ಹಿಡಿದರು, ಅವರ ಆರೈಕೆಯಲ್ಲೇ ಹಲವು ವರ್ಷ ಸವೆದುಹೋದವು. ಇನ್ನು ಮಕ್ಕಳಾಗಲಿಕ್ಕಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ಮಗಳು ಹುಟ್ಟಿದಳು. ಹುಟ್ಟಿದ್ದೇ ತಡ, ಕೈಗೆ ಸಿಕ್ಕಿದ್ದನ್ನೆಲ್ಲ ಹರಿದು, ಗೀಚಿ, ಬಾಯಿಗಿಟ್ಟು ಪರೀಕ್ಷೆ ಮಾಡುವ ಅವಳಿಗೆ ಚೂಟಿ ಎಂದೇ ಹೆಸರು ಬಿತ್ತು. ಚೂಟಿಗೆ ನಡೆಯಲು ಬಂದ ಮೇಲೆ ತಾಯಿ ಹತ್ತಿರದ ಶಿಶುವಿಹಾರದಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡಳು. ಮೂಗು ಒರೆಸುವುದು, ಚಡ್ಡಿ ಬದಲಾಯಿಸುವುದು, ಬಣ್ಣದ ಕಡ್ಡಿಗಳನ್ನು ಆರಿಸಿ ಡಬ್ಬಿಗೆ ಹಾಕುವುದು ಅವಳ ಕೆಲಸ. ಟೀಚರ್ ರಜೆ ಹಾಕಿದ ದಿನ ಪಾಠವೂ ಅವಳದೇ, ಸಂಬಳ ಮಾತ್ರ ಮೂಗು ಒರೆಸುವುದರದ್ದು.

ಒಂದು ದಿನ ಅಲ್ಲಿನ ದೊಡ್ಡ ಟೀಚರ್ ಅವಳನ್ನು ಕರೆದು ಕೂರಿಸಿಕೊಂಡರು. "ನೋಡಮ್ಮ, ಡಿಪ್ಲೊಮಾ ಇಲ್ದೆ ನಿನ್ನ ನಾನು ಟೀಚರ್ ಮಾಡೋಕಾಗಲ್ಲ. ದೊಡ್ಡವರಿಗೆ ಅಂತ್ಲೇ ಸಂಜೆ ಕಾಲೇಜು ಇದೆ. ಫೀಸು ಜಾಸ್ತಿ, ಆದ್ರೆ ಸಹಾಯ ಕೊಡೋರೂ ಇರ್ತಾರೆ. ಹುಡುಕಬೇಕು ಅಷ್ಟೆ."

ಮನೆಗೆ ಬಂದು ಹೇಳಿದಾಗ ಗಂಡ ತಟ್ಟೆಯ ಮುಂದಿನಿಂದ ಎದ್ದೇಬಿಟ್ಟ. "ನಾನು ಮೆಟ್ಟಿಲ ಮೇಲೆ ಹೇಳಿದ್ದು ನೆನಪಿದೆಯಾ?"

"ಅದನ್ನೇನು ಮಾಡ್ಲಿ, ಬ್ಯಾಂಕಿಗೆ ಹಾಕ್ಲಾ?" ಎಂದಳು. ಆದರೆ ಅವನಿಗೂ ನೆನಪಿದೆಯಲ್ಲ ಎಂದು ಹೊಟ್ಟೆಯೊಳಗೆಲ್ಲೋ ತಣ್ಣಗಾಯಿತು.

ಹುಡುಕುವುದೆಂದರೆ ಏನೆಂದು ಆಮೇಲೆ ಗೊತ್ತಾಯಿತು. ಕಾಲೇಜಿನ ಧನಸಹಾಯದ ಕಿಟಕಿಯ ಹಿಂದೆ ಚಾಳೀಸು ಮೂಗಿನ ತುದಿಗೆ ಇಳಿಬಿಟ್ಟ ಗುಮಾಸ್ತರೊಬ್ಬರು ಕೂತಿರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರ ಬಾಯಿಂದ ಒಳ್ಳೆಯ ಸುದ್ದಿ ಬರುತ್ತಿರಲಿಲ್ಲ. ವಿದ್ಯಾರ್ಥಿವೇತನಕ್ಕೆ ಅವಳ ವಯಸ್ಸು ಮೀರಿತ್ತು. ಸಾಲಕ್ಕೆ ಜಾಮೀನು ಬೇಕಿತ್ತು, ಜಾಮೀನು ಹಾಕುವಂಥ ನೆಂಟರಿದ್ದರೆ ಅವಳು ಸಾಲವನ್ನಾದರೂ ಯಾಕೆ ಕೇಳುತ್ತಿದ್ದಳು? ಕೊನೆಗೆ ಅವರು ಮೇಜಿನ ತಳದಿಂದ ಇನ್ನೊಂದು ಕಾಗದ ಎಳೆದರು.

"ಇಲ್ಲೊಂದು ಟ್ರಸ್ಟ್ ಇದೆ. ಓದು ಬಿಟ್ಟ ಹೆಂಗಸರಿಗೆ ಪೂರ್ತಿ ಫೀಸು ಕೊಡ್ತಾರೆ. ಗಂಡ ಇದ್ದಾರಾ?"

"ಇದ್ದಾರೆ ಸರ್."

"ಹಾಗಿದ್ರೆ ಇದು ನಿಮಗಲ್ಲಮ್ಮ. ಗಂಡ ಇಲ್ದೋರಿಗೆ." ಕಾಗದ ಮತ್ತೆ ಮೇಜಿನ ತಳ ಸೇರಿತು.

ಅಂದು ಇದನ್ನು ಕೇಳಿ ಗಂಡ ಬಿದ್ದು ಬಿದ್ದು ನಕ್ಕ. "ಅಂದ್ರೆ ನಿನ್ನ ಓದಿಗೆ ನಾನೇ ಅಡ್ಡ ಅನ್ನು!"

"ರೀ, ಬಿಡ್ತು ಅನ್ನಿ!"

"ಬಿಡ್ತು, ಬಿಡ್ತು. ಏನು ಕಣ್ಣು ಬಿಡ್ತೀಯೆ ಮಾರಾಯ್ತಿ, ತಮಾಷೆಗಂದೆ."

ಪ್ರವೇಶ ಪರೀಕ್ಷೆಯಲ್ಲಿ ಅವಳು ಚೆನ್ನಾಗಿ ಬರೆದಳು. ಆದಾಯ ಪ್ರಮಾಣಪತ್ರ ತಂದರೆ ಕಾಲೇಜೇ ಅರ್ಧ ಫೀಸು ಬಿಟ್ಟುಕೊಡುತ್ತದೆ, ಉಳಿದರ್ಧವನ್ನು ತರಗತಿ ಶುರುವಾಗುವುದರೊಳಗೆ ಕಟ್ಟಬೇಕು ಎಂದರು ಚಾಳೀಸಿನವರು. ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ ಆ ಪ್ರಮಾಣಪತ್ರ ತಂದಳು. ಕಿಟಕಿಯಲ್ಲಿ ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, ಚಾಳೀಸು ಮೇಲಕ್ಕೇರಿಸಿಕೊಂಡರು. ಹಿಂದುಗಡೆ ನೇರಳೆ ಬಣ್ಣದ ಆನೆಯೊಂದು ನಿಂತಿತ್ತು. ಅದರ ಸೊಂಡಿಲು ಕಾಗದದ ಅಂಚು ಬಳಸಿ ಮುಂದಕ್ಕೂ ಬಂದು, ಅಧಿಕಾರಿಯ ಸಹಿಯನ್ನು ಎತ್ತಿ ಹಿಡಿದಿತ್ತು.

"ಈ ಆನೆಗೆಷ್ಟಮ್ಮ ಆದಾಯ?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮತ್ತೆ ಅಷ್ಟೂ ಕಚೇರಿ ಅಲೆದು ಹೊಸದನ್ನು ತರಬೇಕಾಯಿತು. ಅಂದು ಮನೆಯಲ್ಲಿ ಚೂಟಿಯ ಬೆನ್ನಿಗೊಂದು ಬಿತ್ತು. ಮಗಳು ಅಪ್ಪನ ಹಿಂದೆ ಅವಿತುಕೊಂಡು, "ಅಮ್ಮಂಗೆ ಅಂತ್ಲೇ ಬರ್ದಿದ್ದು" ಎಂದು ಬಿಕ್ಕಿದಳು.

ಹೊಸದು ಕೈಗೆ ಬಂದ ದಿನ ಗಂಡ ಕೆಲಸದಿಂದ ಬಂದವನೇ ಜೇಬಿನಿಂದ ಕೆಂಪು ಬಣ್ಣದ ದಪ್ಪ ಬೀಗವೊಂದನ್ನು ತೆಗೆದು ಟ್ರಂಕಿಗೆ ಹಾಕಿದ. ಹೊಸ ಪ್ರಮಾಣಪತ್ರ, ಅಂಕಪಟ್ಟಿ, ಫೀಸಿಗೆಂದು ಕೂಡಿಟ್ಟ ದುಡ್ಡು ಎಲ್ಲ ಒಳಗೆ. "ಇನ್ನು ಆನೆ ನುಗ್ಗಲ್ಲ."

ಅದು ಕೆಲಸದ ಬೀಗ. ಅವನ ಕಸುಬಿನಲ್ಲಿ ಪ್ರತಿಯೊಬ್ಬನಿಗೂ ಇಂಥದ್ದೊಂದು ಇರುತ್ತದೆಂದು ಅವಳಿಗೆ ಗೊತ್ತಿತ್ತು. ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮುಂಚೆ ಮೇಲಿನ ಸ್ವಿಚ್ ಆರಿಸಿ, ಅದಕ್ಕೆ ತನ್ನ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಇಳಿಯಬೇಕು. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

"ಇದನ್ನ ತಂದ್ಬಿಟ್ರೆ ನಿಮಗೆ?"

"ಮೀಸೇದು ಇದೆಯಲ್ಲ, ಇಬ್ರೂ ಒಟ್ಟಿಗೇ ತಾನೆ ಇಳಿಯೋದು? ನಾಳೆ ಬೇರೆ ಬೀಗ ತಂದು ಇದಕ್ಕೆ ಹಾಕ್ತೀನಿ ಬಿಡು." ಮೀಸೆ ಎಂದರೆ ಅವನ ಜೊತೆಗಾರ. ಲಿಫ್ಟಿನ ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುವಷ್ಟು ಮೀಸೆ ಇದೆ ಎಂದು ಗಂಡ ಗೇಲಿ ಮಾಡುತ್ತಿದ್ದ.

ಆ ನಾಳೆ ಬರಲೇ ಇಲ್ಲ. ಒಂದು ದಿನ ಅಂಗಡಿ ಮುಚ್ಚಿತ್ತು, ಇನ್ನೊಂದು ದಿನ ಮರೆತ, ಆಮೇಲೆ ಇಬ್ಬರಿಗೂ ಆ ಕೆಂಪು ಬೀಗ ಟ್ರಂಕಿನ ಜೊತೆಗೇ ಹುಟ್ಟಿದ್ದೆನ್ನುವಷ್ಟು ರೂಢಿಯಾಯಿತು. ಕೀಲಿ ಮಾತ್ರ ಅಭ್ಯಾಸಬಲದಿಂದ ಅವನ ಜೇಬಿನಲ್ಲೇ. ಏನಾದರೂ ಬೇಕೆಂದರೆ ಅವನು ಬರುವವರೆಗೆ ಕಾಯಬೇಕು. "ನನ್ನ ಟ್ರಂಕಿಗೆ ನಿಮ್ಮ ಅಪ್ಪಣೆ ಬೇಕಾ?" ಎಂದರೆ, "ಹಾಕಿದವನೇ ತೆಗೀಬೇಕು, ಟೀಚರಮ್ಮ. ನಿಯಮ ಅಂದ್ರೆ ನಿಯಮ" ಎಂದು ಮೀಸೆಯಿಲ್ಲದ ಮುಖದಲ್ಲಿ ಮೀಸೆ ತಿರುವುತ್ತಿದ್ದ.

ಉಳಿದರ್ಧ ಫೀಸಿಗಾಗಿ ಅವನು ರಜೆಯ ದಿನಗಳಲ್ಲೂ ಕೆಲಸ ಹಿಡಿದ. ರಜೆಯ ದಿನ ದುಡಿದರೆ ದುಪ್ಪಟ್ಟು. ಅಂಥದೇ ಒಂದು ದಿನ, ದೊಡ್ಡದೊಂದು ಬಟ್ಟೆ ಅಂಗಡಿಯ ಲಿಫ್ಟ್ ನಿಂತಿದೆಯೆಂದು ಕರೆ ಬಂತು. ಮೀಸೆ ಮಾವನ ಮನೆಗೆ ಹೋಗಿದ್ದ. "ಸಣ್ಣ ಕೆಲಸ, ಹೋದೆ ಬಂದೆ" ಎಂದು ಚೂಟಿಯ ಕೆನ್ನೆ ಹಿಂಡಿ, ಚಪ್ಪಲಿ ಮೆಟ್ಟಿ ಹೊರಟವನು ಮೆಟ್ಟಿಲ ತಿರುವಿನಿಂದ ಕೂಗಿ ಹೇಳಿದ: "ಇದೊಂದು ಮುಗಿದ್ರೆ ನಿನ್ನ ಫೀಸು ಪೂರ್ತಿ ಆಯ್ತು ಕಣೇ!"

ಅವಳು ಒಲೆಯ ಮುಂದೆ ಇದ್ದಳು. ಹೂಂ ಎಂದಳೋ ಇಲ್ಲವೋ, ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ.

ಮೇಲೆ ಸ್ವಿಚ್ ಆರಿಸಿ, ಅದರ ಹಿಡಿಗೆ ತನ್ನ ಕರವಸ್ತ್ರ ಕಟ್ಟಿ ಕೆಳಗಿಳಿದಿದ್ದನಂತೆ. ಅಂಗಡಿಯ ಕಾವಲುಗಾರ, ಯಾರೋ ಮರೆತುಹೋದ ಬಟ್ಟೆಯೆಂದುಕೊಂಡು ಬಿಚ್ಚಿ ಸ್ವಿಚ್ ಹಾಕಿದನಂತೆ. ಆ ಕಾವಲುಗಾರ ಆಸ್ಪತ್ರೆಯ ಜಗಲಿಯಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು: ಗಡಿಯಾರ, ಬಾಚಣಿಗೆ, ಒಂದು ಕೀಲಿ.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಮೀಸೆ ಬಂದ. ಕುರ್ಚಿ ತೋರಿಸಿದರೂ ನೆಲದ ಮೇಲೇ ಕೂತ.

"ಅತ್ತಿಗೆ, ಆಫೀಸಿನವರು ಕೇಳ್ತಾ ಇದ್ದಾರೆ. ಅವನ ಬೀಗ ಎಲ್ಹೋಯ್ತು ಅಂತ. ನನಗೂ ಹೇಳ್ಲಿಲ್ಲ ಅವನು. ಕಳೆದ್ಹೋಗಿದೆ ಅಂದ. ಹೊಸದು ಕೇಳೋ ಅಂದ್ರೆ, ಸಂಬಳದಲ್ಲಿ ಹಿಡೀತಾರೆ, ಈಗ ಬೇಡ, ಫೀಸು ಕಟ್ಟಿದ ಮೇಲೆ ನೋಡೋಣ ಅಂದ. ಇಷ್ಟು ದಿನ ನಂದೇ ಹಾಕ್ತಿದ್ವಿ. ಅವತ್ತು ನಾನೊಬ್ಬ ಇದ್ದಿದ್ರೆ..." ಅವನು ನೆಲದ ಮೇಲೆ ಬೆರಳಿಂದ ಗೆರೆ ಎಳೆದ. "ಬೀಗ ಇಲ್ದೆ ಇಳಿಯೋನಲ್ಲ ಅತ್ತಿಗೆ ಅವನು. ಬೇರೆಯವರಿಗೆ ಬೈತಿದ್ದ."

ಅವಳು ಬಾಯಿ ತೆರೆಯುವ ಮುಂಚೆ ಮಂಚದ ಕೆಳಗಿನಿಂದ ಚೂಟಿಯ ದನಿ ಬಂತು. "ಅಪ್ಪನ ಬೀಗ ಕಳ್ದಿಲ್ಲ ಮಾಮ. ಇಲ್ಲೇ ಇದೆ. ನಾನು ಆನೆ ಬರೀಬಾರ್ದು ಅಂತ ಹಾಕಿದ್ದು."

ಮೀಸೆ ಬಗ್ಗಿ ನೋಡಿದ. ಮಗು ಟ್ರಂಕಿನ ಪಕ್ಕ ಮಲಗಿಕೊಂಡು ಕೆಂಪು ಬೀಗವನ್ನು ಬೆರಳಿಂದ ತೂಗುತ್ತಿತ್ತು. ಅವನು ಬಹಳ ಹೊತ್ತು ಹಾಗೇ ಬಗ್ಗಿಕೊಂಡೇ ಇದ್ದ. ಎದ್ದಾಗ ಮೀಸೆಯೆಲ್ಲ ಒದ್ದೆಯಾಗಿತ್ತು.

"ನಿಮ್ಮ ತಪ್ಪಲ್ಲ ಅತ್ತಿಗೆ."

ಯಾರ ತಪ್ಪು ಎಂದು ಮಾತ್ರ ಅವನು ಹೇಳಲಿಲ್ಲ. ಬೆನ್ನಿಗೊಂದು ಹಾಕದೆ, ಅದೂ ಚಿತ್ರವೇ ತಾನೇ ಎಂದು ಅಂದು ನಕ್ಕುಬಿಟ್ಟಿದ್ದರೆ, ಎಂಬ ಮಾತು ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಯಾರ ಮುಂದೆಯೂ ಆಡುವಂತಿಲ್ಲ, ಚೂಟಿಯ ಮುಂದಂತೂ ಇಲ್ಲವೇ ಇಲ್ಲ. ಅವಳು ಮಾಡಿದ್ದಿಷ್ಟೇ: ಶಿಶುವಿಹಾರದ ಮಕ್ಕಳು ಗೋಡೆಯ ಮೇಲೆ ಗೀಚಿದರೂ ಗದರುವುದನ್ನು ಬಿಟ್ಟಳು.

ಕಾಲೇಜಿನಲ್ಲಿ ತರಗತಿ ಶುರುವಾಯಿತು, ಅವಳ ಜಾಗ ಬೇರೆಯವರಿಗೆ ಹೋಯಿತು. ಟ್ರಂಕಿನೊಳಗಿದ್ದ ದುಡ್ಡನ್ನು ತೆಗೆಯಲು ಅವಳಿಗೆ ಕೈ ಬರಲಿಲ್ಲ. ಬಾಡಿಗೆಗೆ ಕೈಬಳೆ ಮಾರಿದಳು. ಬೀಗ ಹಾಕದೆ ಇಳಿದದ್ದು ಅವನದೇ ತಪ್ಪೆಂದು ಕಂಪನಿಯವರು ಪರಿಹಾರವನ್ನು ಎಳೆಯುತ್ತಲೇ ಹೋದರು.

ಮುಂದಿನ ವರ್ಷದ ಪ್ರವೇಶ ಆರಂಭವಾದಾಗ ದೊಡ್ಡ ಟೀಚರ್ ಹೇಳಿದರು: "ಕಾಲೇಜಿನಿಂದ ಫೋನ್ ಬಂದಿತ್ತಮ್ಮ. ನೀನು ಹೇಳ್ತಿದ್ಯಲ್ಲ, ಆ ಚಾಳೀಸಿನವರು. ನಿನ್ನ ವಿಷಯ ಕೇಳಿದ್ರು, ಎಲ್ಲ ಹೇಳಿದೆ. ಒಂದ್ಸಲ ಬಂದು ಹೋಗೋಕೆ ಹೇಳಿದ್ದಾರೆ."

ಹೋಗಬಾರದೆಂದೇ ಇದ್ದಳು. ಆಯಾ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಚೂಟಿಯ ಶಾಲೆಗೆ ಏನೂ ಉಳಿಯುತ್ತಿರಲಿಲ್ಲ, ಅದಕ್ಕೇ ಹೋದಳು.

ಕಿಟಕಿಯ ಹಿಂದೆ ಅವರು ಆಗಲೇ ಟ್ರಸ್ಟಿನ ಆ ಕಾಗದವನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದರು. ಹೆಸರು, ವಯಸ್ಸು, ವಿಳಾಸ ಕೇಳಿ ಕೇಳಿ ತುಂಬಿದರು. ಒಂದು ಸಾಲಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಅವರು ಚಾಳೀಸು ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಕೇಳಿ ಸರ್" ಎಂದಳು ಅವಳು. "ಹೋದ್ಸಲ ಕೇಳಿದ್ರಲ್ಲ."

"ಬೇಡಮ್ಮ, ನಾನೇ ಬರ್ಕೋತೀನಿ."

"ಕೇಳಿ ಸರ್."

ಅವರು ತಲೆ ಎತ್ತಲಿಲ್ಲ. "ಗಂಡ ಇದ್ದಾರಾ?"

"ಇಲ್ಲ" ಎಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಂಕಪಟ್ಟಿ ಬೇಕಿತ್ತು. ಮನೆಗೆ ಬಂದು ಆಸ್ಪತ್ರೆಯ ಚೀಲದಿಂದ ಕೀಲಿ ತೆಗೆದು ಟ್ರಂಕಿನ ಮುಂದೆ ಕೂತಳು. ಹಾಕಿದವನೇ ತೆಗೆಯಬೇಕು. ಕೀಲಿ ತಿರುಗಿಸಲು ಎರಡೂ ಕೈ ಬೇಕಾದವು. ಮುಚ್ಚಳ ಎತ್ತಿದರೆ ಎಲ್ಲಕ್ಕಿಂತ ಮೇಲೆ ಆನೆಯಿತ್ತು. ಹಾಳಾದ ಆ ಪ್ರಮಾಣಪತ್ರವನ್ನು ಎಸೆದೆನೆಂದುಕೊಂಡಿದ್ದಳು. ಅವನು ಎತ್ತಿ, ಮಡಿಕೆ ಬೀಳದ ಹಾಗೆ ಪುಸ್ತಕದ ಮೇಲೆ ಹಾಸಿಟ್ಟಿದ್ದ.

"ಅಮ್ಮ, ನನ್ನ ಆನೆ!" ಎಂದಳು ಚೂಟಿ. ಆಮೇಲೆ ಹೆದರಿ ಹಿಂದೆ ಸರಿದಳು.

ಅವಳು ಮಗಳನ್ನು ತೊಡೆಗೆ ಎಳೆದುಕೊಂಡು, ಆನೆಯನ್ನು ಅವಳ ಕೈಗೆ ಕೊಟ್ಟಳು. "ಚೆನ್ನಾಗಿದೆ ಕಣೇ" ಎಂದಳು. ಹೇಳಬೇಕಾಗಿದ್ದ ದಿನ ಹೇಳದೆ ಉಳಿದ ಮಾತು.

ಟ್ರಸ್ಟಿನವರು ಪೂರ್ತಿ ಫೀಸು ಕಟ್ಟಿದರು. ಮೊದಲ ದಿನ ಸಂಜೆ ಚೂಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮೆಟ್ಟಿಲಿಳಿದು ಹೊರಟಳು. ಲಿಫ್ಟ್ ಅಂದೂ ಕೆಟ್ಟಿತ್ತು. ಕಾಲೇಜಿನ ಗೇಟಿನ ಹತ್ತಿರ ಯಾರನ್ನೋ ಬಿಡಲು ಬಂದವರ ಗಾಡಿಗಳು ನಿಂತಿದ್ದವು. ಅವಳು ಅವುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು.

ಕಾಲೇಜಿಗೆ ಸೇರಿಸುತ್ತೇನೆ ಎಂದಿದ್ದ. ಸೇರಿಸಿದ. ಗೇಟಿನ ತನಕ ಬಂದು ಬಿಡುತ್ತೇನೆ ಎಂದಿದ್ದ. ಬರಲಿಲ್ಲ.